ಎಲೆಯೂ ಪಂಕ್ತಿಯೂ

ನಮ್ಮ ಸಸ್ಯಾಹಾರದ ಅಡುಗೆಯನ್ನು ಕುರಿತು ಮಾತು ಬಂದಾಗಲೆಲ್ಲ ಹಿರಿಯರ ಬಾಯಲ್ಲಿ ಎರಡು ಅಭಿಪ್ರಾಯಗಳು ಸಿದ್ಧವಾಗಿರುತ್ತವೆ. ಮನೆಯ ಅಡುಗೆ ಅನಾದಿಯಿಂದ ಹೀಗೆಯೇ ನಡೆದುಬಂದದ್ದು ಎಂಬುದು ಒಂದು. ಹೋಟೆಲುಗಳು ಬಂದು ಅದನ್ನು ಕೆಡಿಸಿದವು ಎಂಬುದು ಇನ್ನೊಂದು. ನಾನೂ ಈಗ ಹಿರಿಯರ ಸಾಲಿಗೆ ಸೇರಿದವನೇ. ಆದರೆ ಹಳಗನ್ನಡ ಗ್ರಂಥಗಳ ಪಾಠ ಹೇಳಿಕೊಂಡು ಬದುಕಿದವನಾದ್ದರಿಂದ ಈ ಎರಡು ಮಾತುಗಳಲ್ಲಿ ಯಾವುದನ್ನೂ ಒಪ್ಪಲಾರೆ. ಎಲೆಯ ಮೇಲೆ ಬಡಿಸುವ ಪದಾರ್ಥಗಳು ನಾವು ತಿಳಿದಿರುವುದಕ್ಕಿಂತ ಬೇಗ ಬೇಗ ಬದಲಾಗಿವೆ. ಬದಲಾಗಲು ಒಪ್ಪದೆ ಹಟ ಹಿಡಿದು ಕುಳಿತದ್ದು ಪಂಕ್ತಿ. ಯಾರ ಪಕ್ಕದಲ್ಲಿ ಯಾರು ಕುಳಿತು ಉಣ್ಣಬೇಕು, ಯಾರು ಬಡಿಸಬೇಕು, ಯಾರು ಕೊನೆಗೆ ಉಣ್ಣಬೇಕು ಎಂಬ ಆ ಕಟ್ಟು ಸಡಿಲವಾದದ್ದು ಬಹುಮಟ್ಟಿಗೆ ನಾವು ಹಳಿಯುವ ಆ ಹೋಟೆಲಿನಲ್ಲಿಯೇ.

ಮೊದಲು ಎಲೆಯ ವಿಷಯ. ಹತ್ತನೆಯ ಶತಮಾನದ್ದೆಂದು ಹೇಳುವ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ಶಬ್ದ ಬರುತ್ತದೆ. ಪಾಠ ಹೇಳುವಾಗ ಈ ಶಬ್ದ ಬಂದೊಡನೆ ತರಗತಿಯಲ್ಲಿ ನಿದ್ದೆಹೋದವರೂ ಎಚ್ಚರಗೊಳ್ಳುತ್ತಿದ್ದರು. ಸಾವಿರ ವರ್ಷದ ಇಡ್ಲಿ ಎಂದು ನಾವೆಲ್ಲ ಬೀಗುತ್ತೇವೆ. ಆದರೆ ಅದು ನಮ್ಮ ಇಡ್ಲಿಯೆ? ಕಲ್ಯಾಣದ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿ ೧೦೨೫ರಲ್ಲಿ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಮಾಡುವ ಕ್ರಮವೂ ಸಿಕ್ಕುತ್ತದೆ. (ಇವನು ಗೊಮ್ಮಟನ ಚಾವುಂಡರಾಯನಲ್ಲ, ಇನ್ನೊಬ್ಬ.) ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಕೊತ್ತಂಬರಿ, ಜೀರಿಗೆ, ಮೆಣಸು, ಇಂಗು ಇವನ್ನು ಕೂಡಿಸಬೇಕೆಂದು ಅಲ್ಲಿ ಹೇಳಿದೆ. ಅಕ್ಕಿಯ ಸುದ್ದಿಯೇ ಇಲ್ಲ. ಹಿಟ್ಟನ್ನು ರಾತ್ರಿಯೆಲ್ಲ ಹುದುಗಲು ಬಿಡುವ ಸುದ್ದಿಯೂ ಇಲ್ಲ. ಅದೇ ವಂಶದ ಮೂರನೆಯ ಸೋಮೇಶ್ವರ, ೧೧೨೬ರಿಂದ ೧೧೩೮ರವರೆಗೆ ಆಳಿದವನು, ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದ ಅನ್ನಭೋಗದಲ್ಲಿ ಇಡ್ಡರಿಕಾ, ಧೋಸಕ, ವಟಕ, ಪೂರಿಕಾ ಎಲ್ಲವನ್ನೂ ಹೆಸರಿಸುತ್ತಾನೆ. ನಮ್ಮ ಇಂದಿನ ಫಲಾಹಾರ ಮಂದಿರದ ಹಲಗೆಯನ್ನೇ ಓದಿದ ಹಾಗಿದೆ. ಆದರೆ ಅದೇ ಅನ್ನಭೋಗದಲ್ಲಿ ಮಾಂಸದ ಅಡುಗೆಗಳೂ ವಿಸ್ತಾರವಾಗಿ ಬರುತ್ತವೆಂಬುದನ್ನು ಮರೆಮಾಚಬಾರದು. ನಮ್ಮ ಪೂರ್ವಿಕರೆಲ್ಲ ಸೊಪ್ಪು ಸದೆ ತಿಂದು ಬದುಕಿದರೆಂದು ಭಾಷಣ ಮಾಡುವವರು ಈ ಭಾಗದ ಪುಟಗಳನ್ನು ಅಂಟಿಸಿಟ್ಟಿರುತ್ತಾರೆ.

ಸಸ್ಯಾಹಾರಕ್ಕೇ ಮೀಸಲಾದ ಕನ್ನಡ ಗ್ರಂಥವೆಂದರೆ ಮೂರನೆಯ ಮಂಗರಸನ 'ಸೂಪಶಾಸ್ತ್ರ'. ಕವಿ ಜೈನ, ಗ್ರಂಥ ೧೫೦೮ರ ಸುಮಾರಿನದು, ಛಂದಸ್ಸು ವಾರ್ಧಕ ಷಟ್ಪದಿ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆಕಾಯಿ, ಹಲಸು, ಬಾಳೆ, ಕಳಲೆ ಇವುಗಳ ಪಾಕವನ್ನೆಲ್ಲ ಷಟ್ಪದಿಯಲ್ಲಿ ಹೇಳಿದ ಈ ಮಹಾನುಭಾವನಿಗೆ ಬದನೆಯ ಮೇಲೆ ಅಪಾರ ಪ್ರೀತಿ. ಒಗ್ಗರಣೆಯನ್ನೂ ಆರು ಸಾಲಿನ ಲಯಕ್ಕೆ ಹೊಂದಿಸುವುದು ಸುಲಭವಲ್ಲ; ಕಾವ್ಯಗುಣವನ್ನು ಹುಡುಕುವ ವಿಮರ್ಶಕರು ಅವನನ್ನು ಬದಿಗಿಟ್ಟದ್ದು ನನಗೆ ಅನ್ಯಾಯವೆಂದೇ ತೋರುತ್ತದೆ. ಇರಲಿ. ನಾನು ಗಮನಿಸಬೇಕೆನ್ನುವುದು ಗ್ರಂಥದ ಕಾಲವನ್ನು. ಗೋವೆ ಪೋರ್ಚುಗೀಸರ ಕೈ ಸೇರಿದ್ದು ೧೫೧೦ರಲ್ಲಿ. ಮಂಗರಸನು ಲೇಖನಿ ಕೆಳಗಿಟ್ಟ ಹೊತ್ತಿಗೆ ಹೊಸ ಲೋಕದ ಗಿಡಗಳು ನಮ್ಮ ಕರಾವಳಿಯ ಬಾಗಿಲಲ್ಲಿ ನಿಂತಿದ್ದವೆನ್ನಬಹುದು. ಅವನ ಅಡುಗೆಮನೆಯಲ್ಲಿ ಖಾರವೆಂದರೆ ಮೆಣಸು, ಶುಂಠಿ; ಅಷ್ಟೆ.

ಮೆಣಸಿನಕಾಯಿ ಬಂದದ್ದು ಅಮೆರಿಕದಿಂದ, ಪೋರ್ಚುಗೀಸರ ಹಡಗಿನಲ್ಲಿ. ಇದಕ್ಕೆ ಸಾಕ್ಷಿಯಾಗಿ ದಫ್ತರಗಳನ್ನು ಹುಡುಕಬೇಕಾಗಿಲ್ಲ; ಶಬ್ದವೇ ಹೇಳುತ್ತದೆ. ಮೆಣಸು ನಮ್ಮದು. ಅದರಂತೆಯೇ ನಾಲಗೆ ಸುಡುವ ಹೊಸ ಕಾಯಿಯೊಂದು ಬಂದಾಗ ಅದನ್ನು ಮೆಣಸಿನ ಕಾಯಿ ಎಂದೆವು. ಮುಂದೆ ಬಂದವಳೇ ಮನೆಯೊಡತಿಯಾಗಿ, ಹಳೆಯ ಮೆಣಸು ತನ್ನ ಗುರುತಿಗಾಗಿ 'ಕಾಳುಮೆಣಸು' ಎಂದು ಹೇಳಿಕೊಳ್ಳಬೇಕಾಯಿತು. ಬ್ಯಾಡಗಿಯ ಕೆಂಪನ್ನು ಬಿಟ್ಟು ಕನ್ನಡನಾಡಿನ ಸಾರನ್ನು ಈಗ ಊಹಿಸಿಕೊಳ್ಳುವುದಾದರೂ ಹೇಗೆ? ಬಟಾಟೆ ಎಂಬ ಹೆಸರೂ ಪೋರ್ಚುಗೀಸರದೇ. ಪರಂಗಿಹಣ್ಣು, ಸೀಮೆಬದನೆ ಎಂಬ ಹೆಸರುಗಳು ತಾವು ಪರದೇಶದವರೆಂದು ಬಾಯಿಬಿಟ್ಟು ಹೇಳುತ್ತವೆ. ಉತ್ತರ ಕರ್ನಾಟಕದ ಮನೆಮನೆಯ ಶೇಂಗಾ ಕೂಡ ಅಮೆರಿಕದ್ದು. ಇನ್ನೂ ಹಿಂದಕ್ಕೆ ಹೋದರೆ ಜೋಳ, ರಾಗಿ ಎರಡರ ತವರೂ ಆಫ್ರಿಕ. ಅವು ಸಾವಿರಾರು ವರ್ಷಗಳ ಹಿಂದೆ ಬಂದವಾದ್ದರಿಂದ ಅವುಗಳ ಊರನ್ನು ಯಾರೂ ಕೇಳುವುದಿಲ್ಲ.

ಈ ಬದಲಾವಣೆಯನ್ನು ಕಣ್ಣಾರೆ ನೋಡಬೇಕಾದರೆ ಶ್ರಾದ್ಧದ ಅಡುಗೆಯನ್ನು ನೋಡಬೇಕು. ಸಂಪ್ರದಾಯಸ್ಥ ಬ್ರಾಹ್ಮಣರ ಮನೆಗಳಲ್ಲಿ ಆ ದಿನ ಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ, ಟೊಮೆಟೊ ಇಲ್ಲ, ಖಾರಕ್ಕೆ ಕಾಳುಮೆಣಸು. ಪಿತೃಗಳಿಗೆ ಅವರು ಬದುಕಿದ್ದಾಗ ಕಾಣದ ಪದಾರ್ಥವನ್ನು ಬಡಿಸುವುದು ಹೇಗೆಂಬ ಸಂಕೋಚವೋ ಏನೋ! ಶಾಸನಗಳಲ್ಲಿ ಹಳೆಯ ಲಿಪಿ ಉಳಿದಂತೆ ಶ್ರಾದ್ಧದ ಎಲೆಯಲ್ಲಿ ಮಂಗರಸನ ಕಾಲದ ಅಡುಗೆ ಉಳಿದುಕೊಂಡಿದೆ. ಮಿಕ್ಕ ದಿನಗಳಲ್ಲಿ ಅದೇ ಮನೆಯವರು ಪರದೇಶದ ಕಾಯಿಗಳನ್ನು ಚಪ್ಪರಿಸಿ ತಿಂದರು. ಯಾವ ಧರ್ಮಸಂಕಟವೂ ಆಗಲಿಲ್ಲ.

ಪಂಕ್ತಿಯ ವಿಷಯದಲ್ಲಿ ಈ ಔದಾರ್ಯ ಕಾಣುವುದಿಲ್ಲ. ನನ್ನ ತಂದೆಯವರು ಹಾಸನದ ಕಡೆಯ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರು. ಊರಿಗೆ ಹೋಗುವಾಗ ಅವಲಕ್ಕಿ, ಚಟ್ನಿಪುಡಿ, ಬಾಳೆಹಣ್ಣು ಕಟ್ಟಿಕೊಂಡೇ ಹೊರಡುವರು. ಹೋಟೆಲಿನಲ್ಲಿ ಕಾಫಿ ಕುಡಿಯುವುದಕ್ಕೆ ಅಡ್ಡಿಯಿರಲಿಲ್ಲ. ಎಣ್ಣೆಯಲ್ಲಿ ಕರಿದ ಬೋಂಡ, ವಡೆಗಳಿಗೂ ರಿಯಾಯಿತಿ ಇತ್ತು. ನೀರಿನಲ್ಲಿ ಬೆಂದ ಅನ್ನ ಮಾತ್ರ ಕೂಡದು, ಅದು ಮುಸುರೆ. ಈ ಮುಸುರೆಯ ಗೆರೆ ನಮ್ಮ ಸಮಾಜದ ಉದ್ದಗಲಕ್ಕೂ ಹಾಯ್ದಿತ್ತು. ಯಾರ ಕೈಯ ಹಣ್ಣು ತಿನ್ನಬಹುದು, ಯಾರ ಕೈಯ ಮಜ್ಜಿಗೆ ಕುಡಿಯಬಹುದು, ಯಾರ ಕೈಯ ಅನ್ನ ಉಣ್ಣಬಹುದು ಎಂಬ ಲೆಕ್ಕದಲ್ಲಿ ಪ್ರತಿಯೊಂದು ಜಾತಿಗೂ ತನಗಿಂತ ಕೆಳಗಿನದೊಂದು ಸಿಕ್ಕುತ್ತಿತ್ತು. ಹೋಟೆಲುಗಳು ಮೊದಮೊದಲು 'ಕಾಫಿ ಕ್ಲಬ್ಬು'ಗಳೆಂಬ ಹೆಸರಿನಲ್ಲಿ, ಊಟಕ್ಕಿಂತ ತಿಂಡಿಯನ್ನು ಮುಂದಿಟ್ಟುಕೊಂಡು ಬೆಳೆದುದಕ್ಕೆ ಈ ಗೆರೆಯೂ ಒಂದು ಕಾರಣವಿರಬೇಕೆಂದು ನನ್ನ ಊಹೆ. ಗೆರೆಯನ್ನು ಒಮ್ಮೆಲೇ ದಾಟಲಾಗದವರು ಕಾಫಿಯ ಲೋಟ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು.

ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಓದಿದವರಿಗೆ ಪಂಕ್ತಿಯ ಭಯವೆಂದರೇನೆಂದು ವಿವರಿಸಬೇಕಾಗಿಲ್ಲ. ಸೂತಕದಲ್ಲಿರುವ ಪ್ರಾಣೇಶಾಚಾರ್ಯರು ಮೇಳಿಗೆಯ ದೇವಸ್ಥಾನದ ಊಟದ ಸಾಲಿನಲ್ಲಿ ಕುಳಿತು, ಗುರುತು ಸಿಕ್ಕೀತೆಂದು ತಲ್ಲಣಿಸುತ್ತಾರೆ. ಪಂಕ್ತಿ ಎಂದರೆ ಬರಿಯ ಸಾಲಲ್ಲ. ನೀನು ಯಾರು ಎಂದು ಕೇಳುವ ಕಟಕಟೆ. ಹನ್ನೆರಡನೆಯ ಶತಮಾನದ ಶರಣರು ದಾಸೋಹದಲ್ಲಿ ಈ ಪ್ರಶ್ನೆಯನ್ನೇ ಕಿತ್ತುಹಾಕಲು ನೋಡಿದರು. ಅವರ ದಾರಿ ಪೂರ್ತಿ ಮುಚ್ಚಿಹೋಗಲಿಲ್ಲ. ಸಿದ್ಧಗಂಗೆಯ ಮಠದಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳು ಒಟ್ಟಿಗೆ ಕುಳಿತು ಮುದ್ದೆ ಉಂಡು ಓದಿದ್ದಾರೆ. ಆದರೆ ನಾಡಿನ ಬಹುಪಾಲು ಪಂಕ್ತಿಗಳು ತಮ್ಮ ಪ್ರಶ್ನೆಯನ್ನು ಬಿಟ್ಟಿರಲಿಲ್ಲ.

ಇಂಥ ನಾಡಿನಲ್ಲಿ ದುಡ್ಡು ಕೊಟ್ಟವರಿಗೆಲ್ಲ ಅಡಿಗೆ ಮಾಡಿ ಬಡಿಸುವ ಉದ್ಯೋಗಕ್ಕೆ ಕೈ ಹಾಕಿದವರು ಯಾರು? ಮಡಿಯ ಅಡುಗೆಗೆ ಹೆಸರಾದ ಉಡುಪಿಯ ಸುತ್ತಿನ ಶಿವಳ್ಳಿ, ಕೋಟ ಮುಂತಾದ ಬ್ರಾಹ್ಮಣರು! ಚರಿತ್ರೆಗೆ ಇಂಥ ವಿನೋದಗಳಲ್ಲಿ ಆಸಕ್ತಿ ಹೆಚ್ಚು. ಮಠ, ದೇವಸ್ಥಾನಗಳಲ್ಲಿ ನೂರಾರು ಜನಕ್ಕೆ ಅಡುಗೆ ಮಾಡಿದ ಕೈ ಅವರದು. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಇಲ್ಲದೆ, ಇನ್ನೊಂದು ತಿಂಗಳು ಮೊಸರಿಲ್ಲದೆ, ಮತ್ತೊಂದು ತಿಂಗಳು ಹಾಲಿಲ್ಲದೆ, ಕೊನೆಯ ತಿಂಗಳು ಬೇಳೆಯೇ ಇಲ್ಲದೆ ರುಚಿಯಾಗಿ ಬಡಿಸಬೇಕಾದ ಅಡುಗೆಯವರಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಬೇಕೆ? ಮನೆಯಲ್ಲಿ ಬಡತನ, ಗೇಣಿಯ ಭೂಮಿಯಿಂದ ದೊಡ್ಡ ಸಂಸಾರಗಳು ಸಾಗುತ್ತಿರಲಿಲ್ಲ. ೧೯೨೩ರ ಮಹಾಪೂರವೂ ಅನೇಕರನ್ನು ಊರು ಬಿಡಿಸಿತೆಂದು ಹೇಳುವುದುಂಟು. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು. ಕೆಲವರು ಮದರಾಸಿಗೆ ಹೋದರು, ಕೆಲವರು ಹಡಗು ಹತ್ತಿ ಮುಂಬಯಿಗೆ, ಕೆಲವರು ಘಟ್ಟ ಹತ್ತಿ ಬೆಂಗಳೂರಿಗೆ. ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಶೀನ ಮಯ್ಯನ ಮನೆಯವರು ಬೆಂಗಳೂರಿನ ಹೋಟೆಲಿನಿಂದ ಹಣ ಕಂಡುದನ್ನು ನೆನೆಯಿರಿ. ಮದರಾಸಿನಲ್ಲಿ ಕೆ. ಕೃಷ್ಣರಾಯರು ೧೯೩೮ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. ಮುಂಬಯಿಯ ಮಾಟುಂಗದಲ್ಲಿ ೧೯೪೨ರಲ್ಲಿ ಎ. ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಬಂತು. ಬೆಂಗಳೂರು ಗಾಂಧಿಬಜಾರಿನ ವಿದ್ಯಾರ್ಥಿಭವನ ೧೯೪೩ರದು. ಅಲ್ಲಿನ ದೋಸೆಗೆ ಕಾದು ನಿಂತ ಸಾಹಿತಿಗಳ ಪಟ್ಟಿ ಮಾಡಿದರೆ ನವೋದಯ, ನವ್ಯ ಎರಡೂ ಒಂದೇ ಬೆಂಚಿನ ಮೇಲೆ ಸಿಕ್ಕುತ್ತವೆ.

ಇವುಗಳಲ್ಲಿ ನನ್ನ ವಿಚಾರಕ್ಕೆ ಹೆಚ್ಚು ಒದಗುವುದು ಮಾವಳ್ಳಿಯ ಕಥೆ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರು ಸೋದರರೊಡನೆ ೧೯೨೪ರಲ್ಲಿ ಬೆಂಗಳೂರಿನಲ್ಲಿ ಒಂದು ಹೋಟೆಲು ತೆರೆದರು. ಅದಕ್ಕೆ ಇಟ್ಟ ಹೆಸರು 'ಬ್ರಾಹ್ಮಿನ್ಸ್ ಕಾಫಿ ಕ್ಲಬ್'. ಮಯ್ಯರು ೧೯೫೧ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ನೈರ್ಮಲ್ಯವನ್ನು ನೋಡಿಬಂದರು. ಬಂದಮೇಲೆ ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿಮಾಡುವ ಏರ್ಪಾಟು ಮಾಡಿದರೆಂದು ಹೇಳುತ್ತಾರೆ. ೧೯೬೦ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದಾಗ ಹೆಸರು 'ಮಾವಳ್ಳಿ ಟಿಫಿನ್ ರೂಮ್ಸ್' ಎಂದಾಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದದ್ದನ್ನು ನಾನು ಚರಿತ್ರೆಯ ಸಣ್ಣ ಸಂಗತಿಯೆಂದು ತಿಳಿಯುವುದಿಲ್ಲ. ಮೊದಲು ಶುದ್ಧಿ ಎಂದರೆ ಅಡುಗೆಯವನ ಹುಟ್ಟು. ಆಮೇಲೆ ಶುದ್ಧಿ ಎಂದರೆ ಕುದಿಯುವ ನೀರು. ರವೆ ಇಡ್ಲಿಯೂ ಇಲ್ಲಿಯದೇ ಎಂದು ಹೇಳಿಕೆ. ಎರಡನೆಯ ಮಹಾಯುದ್ಧದಲ್ಲಿ, ೧೯೪೨ರಲ್ಲಿ, ಬರ್ಮಾ ಜಪಾನರ ವಶವಾಗಿ ಅಲ್ಲಿಯ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದ ಕಾಲದಲ್ಲಿ ರವೆಯಿಂದ ಇಡ್ಲಿ ಮಾಡಿದರಂತೆ. ಈಗ ಮದುವೆಮನೆಗಳಲ್ಲಿ ಅದನ್ನು ನಮ್ಮ ಹಳೆಯ ತಿಂಡಿಯೆಂದು ಬಡಿಸುತ್ತಾರೆ.

ಹೋಟೆಲಿನ ಬಾಗಿಲು ತೆರೆದ ಮಾತ್ರಕ್ಕೆ ಪಂಕ್ತಿ ಒಡೆಯಿತೆಂದು ತಿಳಿಯಬಾರದು. ಮೊದಲಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗೆ ಬೇರೆ ಜಾಗ, ಉಳಿದವರಿಗೆ ಹೊರಗೆ ಬೇರೆ. ದಲಿತರಿಗೆ ಬಾಗಿಲಾಚೆಗೆ. ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಒಂದು ಹೋಟೆಲಿನ ಹಲಗೆಯ ಮೇಲಿದ್ದ 'ಬ್ರಾಹ್ಮಣ' ಎಂಬ ಪದವನ್ನು ಅಳಿಸಬೇಕೆಂದು ಪೆರಿಯಾರರ ಅನುಯಾಯಿಗಳು ೧೯೫೭ರಲ್ಲಿ ತಿಂಗಳುಗಟ್ಟಲೆ ಚಳವಳಿ ನಡೆಸಬೇಕಾಯಿತು. ಅಷ್ಟು ಹೊತ್ತಿಗೆ ನಮ್ಮ ಸಂವಿಧಾನ ಜಾರಿಗೆ ಬಂದು ಏಳು ವರ್ಷಗಳಾಗಿದ್ದವು. ಸಂವಿಧಾನದ ಹದಿನೈದನೆಯ ವಿಧಿಯಲ್ಲಿ, ಸಮಾನತೆಯ ಗಂಭೀರ ಮಾತುಗಳ ನಡುವೆ, ಅಂಗಡಿಗಳು, ಸಾರ್ವಜನಿಕ ಉಪಾಹಾರ ಗೃಹಗಳು, ಹೋಟೆಲುಗಳು ಎಂದು ಹೆಸರಿಸಿಯೇ ಹೇಳಿದ್ದಾರೆ. ರಾಷ್ಟ್ರದ ಮೂಲ ಶಾಸನದಲ್ಲಿ ಹೋಟೆಲಿನ ಹೆಸರು ಬರಬೇಕಾದರೆ ಅಲ್ಲಿ ಆಗುತ್ತಿದ್ದ ಅವಮಾನ ಎಷ್ಟಿದ್ದಿರಬೇಕು! ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಳಹೊಕ್ಕು, ಹೋಟೆಲಿನ ಪಾತ್ರೆಗಳನ್ನು ಬಳಸಗೊಡದಿರುವುದೂ ಅಪರಾಧವೆಂದಿತು. ಹಾಗಿದ್ದರೂ ಹಳ್ಳಿಯ ಚಹಾ ಅಂಗಡಿಗಳಲ್ಲಿ ದಲಿತರಿಗಾಗಿ ಬೇರೆ ಲೋಟಗಳು, ಅವರೇ ಕುಡಿದು ತೊಳೆದಿಡಬೇಕಾದ ಲೋಟಗಳು, ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದುದನ್ನು ನಾನು ಎಪ್ಪತ್ತರ ದಶಕದಲ್ಲಿಯೂ ನೋಡಿದ್ದೇನೆ. ಇಂದಿಗೂ ಅಲ್ಲಲ್ಲಿಂದ ಅಂಥ ಸುದ್ದಿ ಬರುತ್ತಲೇ ಇರುತ್ತದೆ. ಪೇಟೆಯ ಹೋಟೆಲಿನಲ್ಲಿ ಮಾತ್ರ, ಜನಸಂದಣಿಯ ನೂಕುನುಗ್ಗಲಿನಲ್ಲಿ, ಖಾಲಿಯಾದ ಕುರ್ಚಿಯಲ್ಲಿ ಯಾರು ಕುಳಿತರೆಂದು ಕೇಳುವಷ್ಟು ಪುರಸೊತ್ತು ಯಜಮಾನನಿಗೂ ಇರಲಿಲ್ಲ, ಪಕ್ಕದವನಿಗೂ ಇರಲಿಲ್ಲ. ಸುಧಾರಕರ ಉಪದೇಶಕ್ಕೆ ಬಗ್ಗದವರು ಮಸಾಲೆದೋಸೆಯ ವಾಸನೆಗೆ ಬಗ್ಗಿದರು.

ಇನ್ನೊಂದು ಪಂಕ್ತಿಯಿದೆ, ಅದು ಮನೆಯೊಳಗಿನದು. ೧೯೭೪ರಲ್ಲಿ ನನ್ನನ್ನು ಪಿ.ಯು.ಸಿ.ಗೆ ಸೇರಿಸಲು ತಂದೆ ತಾಯಿ ಮೈಸೂರಿಗೆ ಬಂದಿದ್ದರು. ತಂದೆಯವರು ಕಛೇರಿಯ ಸಾಲಿನಲ್ಲಿ ನಿಂತಿದ್ದಾಗ ನಾನು ಅಮ್ಮನನ್ನು ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದೆ. ಹೆಂಗಸರಿಗಾಗಿ ಪರದೆ ಬಿಟ್ಟ 'ಫ್ಯಾಮಿಲಿ ರೂಮು' ಇತ್ತು. ಅಮ್ಮನಿಗೆ ಆಗ ನಲವತ್ತರ ಹತ್ತಿರ. ಹೋಟೆಲಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಮಾಣಿ ಬಂದು, "ಏನು ಕೊಡಲಿ ಅಮ್ಮಾ?" ಎಂದ. ಅಮ್ಮ ನನ್ನ ಮುಖ ನೋಡಿದರು. ಬೇಕಾದ್ದನ್ನು ಹೇಳಿ ತರಿಸಿಕೊಳ್ಳುವ ಅಭ್ಯಾಸ ಅವರಿಗೆ ಇರಲಿಲ್ಲ. ಬಿಸಿಬಿಸಿಯಾದ ದೋಸೆ ಮುಂದೆ ಬಂದಾಗ, "ನಿನಗೆ ಮೊದಲು ಬರಲಿ" ಎಂದರು. ತಿಂದಾದ ಮೇಲೆ ತಟ್ಟೆಯನ್ನು ಎತ್ತಿಕೊಂಡು ಎದ್ದುನಿಂತು, "ಎಲ್ಲಿ ತೊಳೆಯಬೇಕಪ್ಪ?" ಎಂದು ಕೇಳಿದರು. ಮಾಣಿ ನಗದೆ, "ಬಿಡಿ ಅಮ್ಮಾ, ಅದು ನಮ್ಮ ಕೆಲಸ" ಎಂದು ತಟ್ಟೆ ತೆಗೆದುಕೊಂಡ. ಗಂಡಸರ ಪಂಕ್ತಿ, ಮಕ್ಕಳ ಪಂಕ್ತಿ ಎಲ್ಲ ಮುಗಿದ ಮೇಲೆ ತಳಕ್ಕಿಳಿದ ಸಾರಿನಲ್ಲಿ ಉಂಡು, ಮುಸುರೆ ತಿಕ್ಕಿ ಬದುಕಿದ ನಮ್ಮ ತಾಯಂದಿರಿಗೆ, ಕುಳಿತಲ್ಲಿಗೆ ಬಿಸಿ ತಿಂಡಿ ಬಂದ ಮೊದಲನೆಯ ಜಾಗ ಹೋಟೆಲು. ಹೋಟೆಲನ್ನು ಹಳಿಯುವ ಸಾಹಿತ್ಯವೆಲ್ಲ ಗಂಡಸರದೇ ಎಂಬುದನ್ನು ನಾನು ಆಮೇಲೆ ಗಮನಿಸಿದೆ.

ಆ ಮಾಣಿಗೆ ಹನ್ನೆರಡೋ ಹದಿಮೂರೋ ವರ್ಷವಿರಬೇಕು, ನನಗಿಂತ ಚಿಕ್ಕವನು. ನಾನು ಕಾಲೇಜಿಗೆ ಸೇರಲು ಬಂದವನು, ಅವನು ತಟ್ಟೆ ಎತ್ತುವವನು. ನಮ್ಮ ಹೋಟೆಲುಗಳ ವೈಭವವನ್ನು ಹೇಳುವಾಗ ಈ ಹುಡುಗರನ್ನು ಬಿಟ್ಟುಬಿಡುತ್ತೇವೆ. ಊರಿನಿಂದ ಯಾರದೋ ಕೈಹಿಡಿದು ಬಂದು, ಕೆಲಸ ಮಾಡಿ, ಅಲ್ಲಿಯೇ ಬೆಂಚಿನ ಮೇಲೆ ಮಲಗಿ ಬೆಳೆದವರು. ಮುಂಬಯಿಯಲ್ಲಿ ಕನ್ನಡಿಗರು ನಡೆಸಿದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರಿದ್ದಾರೆ. ಸ್ವಂತ ಹೋಟೆಲು ಕಟ್ಟಿದವರಿದ್ದಾರೆ. ಹೊಗೆಯಲ್ಲಿಯೇ ಕಣ್ಣು ಕೆಟ್ಟವರೂ ಇದ್ದಾರೆ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ ಬಂದದ್ದು ೨೦೦೬ರ ಅಕ್ಟೋಬರಿನಲ್ಲಿ. ಬಹಳ ತಡವಾಗಿ ಬಂತು.

ಧಾರವಾಡದ ಕಡೆಯ ಖಾನಾವಳಿಯದು ಬೇರೆಯ ಚರಿತ್ರೆ. ಅದಕ್ಕೇ ಒಂದು ಪ್ರತ್ಯೇಕ ಭಾಷಣ ಬೇಕು. ಅಲ್ಲಿ ಹೋಟೆಲು ಮನೆಯಿಂದ ದೂರ ಹೋಗಲಿಲ್ಲ. ಮನೆಯೇ ಬಾಗಿಲು ತೆಗೆದು ಖಾನಾವಳಿಯಾಯಿತು. ಎಷ್ಟೋ ಕಡೆ ಅದನ್ನು ನಡೆಸಿದವರು ಹೆಂಗಸರು, ಅವರಲ್ಲಿ ವಿಧವೆಯರು ಹಲವರು. ರೊಟ್ಟಿ ಬಡಿಯುವ ಸದ್ದು ಕೇಳುತ್ತ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿಯೊಡನೆ ಉಣ್ಣುವವನಿಗೆ ತಾನು ಗಿರಾಕಿಯೆಂಬುದು ಮರೆತುಹೋಗುತ್ತದೆ. "ಇನ್ನೊಂದು ರೊಟ್ಟಿ ಹಾಕಲೇನ್ರೀ?" ಎಂಬ ಮಾತಿಗೆ ಬೇಡವೆಂದವರನ್ನು ನಾನು ಕಂಡಿಲ್ಲ.

ಹೋಟೆಲು ಮನೆಯನ್ನು ಕೆಡಿಸಿತೆಂಬ ಮಾತಿಗೆ ಈಗ ಮರಳಬಹುದು. ಕೊಡುಕೊಳೆ ಎರಡು ಕಡೆಯಿಂದಲೂ ನಡೆದಿದೆ. ಎಷ್ಟೋ ಮಡಿವಂತ ಮನೆಗಳ ಹುಡುಗರು ಈರುಳ್ಳಿಯ ರುಚಿಯನ್ನು ಮೊದಲು ನೋಡಿದ್ದು ಹೋಟೆಲಿನ ಪಲ್ಯದಲ್ಲಿ. ಆಮೇಲೆ ಅದು ಮನೆಯ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಬಂತು. ೧೯೭೪ರ ಭೂಸುಧಾರಣೆಯ ಅನಂತರ ಕರಾವಳಿಯಿಂದ ಇನ್ನಷ್ಟು ಜನ ಈ ವೃತ್ತಿಗೆ ಬಂದರು. ಮನೆಯಲ್ಲಿ ಮೀನು ಉಣ್ಣುವ ಬಂಟರು ಮುಂಬಯಿಯಲ್ಲಿ 'ಶುದ್ಧ ಶಾಕಾಹಾರಿ' ಹೋಟೆಲುಗಳನ್ನು ನಡೆಸಿ, ಉಡುಪಿಯ ಹೆಸರನ್ನು ಊರೂರಿಗೆ ಹಬ್ಬಿಸಿದರು. ಸಸ್ಯಾಹಾರವೆಂಬುದು ಹೀಗೆ ಒಂದು ಜಾತಿಯ ಆಚಾರವಾಗಿದ್ದುದು ಹೋಗಿ, ಯಾರು ಬೇಕಾದರೂ ಕಲಿತು ಮಾಡಬಹುದಾದ, ಯಾರು ಬೇಕಾದರೂ ಸವಿಯಬಹುದಾದ ಒಂದು ಕಲೆಯಾಯಿತು.

ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದವು. ಅಲ್ಲಿ ಕುರ್ಚಿಯೇ ಇಲ್ಲ. ಕಲ್ಲಿನ ಮೇಜಿನ ಸುತ್ತ ನಿಂತು ತಿನ್ನಬೇಕು. ನನ್ನ ಮೊಣಕಾಲಿಗೆ ಇದು ಒಪ್ಪುವುದಿಲ್ಲ, ಆದರೂ ಬೆಳಗ್ಗೆ ವಾಯುವಿಹಾರ ಮುಗಿಸಿ ಅಲ್ಲಿಗೇ ಹೋಗುತ್ತೇನೆ. ಒಂದೇ ಮೇಜಿಗೆ ಒರಗಿಕೊಂಡು ವಕೀಲರು, ಆಟೋ ಓಡಿಸುವವರು, ರಸ್ತೆ ಗುಡಿಸಿ ಬಂದ ಹೆಂಗಸರು ಇಡ್ಲಿ ತಿನ್ನುತ್ತಾರೆ. ಅಡುಗೆಯವರು ಎಲ್ಲರ ಕಣ್ಣೆದುರಿಗೇ ಕಾವಲಿಗೆ ನೀರು ಚಿಮುಕಿಸಿ, ಕಸಬರಿಕೆಯಿಂದ ಒರಸಿ, ಒಮ್ಮೆಗೆ ಹತ್ತು ಹನ್ನೆರಡು ದೋಸೆ ಹುಯ್ಯುತ್ತಾರೆ. ಅವರು ಯಾವ ಊರಿನವರು, ಯಾವ ಜಾತಿಯವರು ಎಂದು ಯಾರೂ ಕೇಳುವುದಿಲ್ಲ. ಈಚೆಗೆ ಅವರಲ್ಲಿ ಅನೇಕರ ಮಾತು ಹಿಂದಿ. ನಾನು ಹೋಗುವ ದರ್ಶಿನಿಯಲ್ಲಿ ಅವರು ತಿಂಡಿ ತಿನ್ನುವುದು ಗಿರಾಕಿಗಳ ಗದ್ದಲ ಇಳಿದ ಮೇಲೆ, ಹನ್ನೊಂದೂವರೆಯ ಹೊತ್ತಿಗೆ, ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕುಳಿತು. ನಮ್ಮ ಮನೆಯಲ್ಲಿಯೂ ಭಾನುವಾರ ದೋಸೆ ಹುಯ್ಯುವವರು ತಿನ್ನುವುದು ಎಲ್ಲರದೂ ಆದ ಮೇಲೆಯೇ.